ಹನ್ನೆರಡು ದಿನದ ಕಡಲು, ಒಂದೂವರೆ ಎಕರೆ ಜಾಗ

ಯುರೋಪಿಗೆ ಹೋಗಿ ಬಂದೆವು ಅಂದ ಕೂಡಲೇ ಊರಲ್ಲಿ ಎರಡು ಪ್ರಶ್ನೆ ಬರುತ್ತವೆ. ಎಷ್ಟು ಖರ್ಚಾಯ್ತು? ಯಾರು ಕೊಟ್ಟರು? ಎರಡಕ್ಕೂ ಒಂದೇ ಉತ್ತರ: ಜರ್ಮನಿಯಲ್ಲಿರುವ ಮೈದುನ. ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ್ದು ನೆಪ. ಆದರೆ ಈ ಉಡುಗೊರೆಯ ಹಿಂದೆ ಅವನದ್ದೊಂದು ಲೆಕ್ಕವಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ.

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಕಡಲು ಸೇರುವ ಹತ್ತಿರ, ನಮ್ಮದೊಂದು ಒಂದೂವರೆ ಎಕರೆ ಜಾಗ ಇದೆ. ಮೇಲೆ ತೆಂಗು, ಗೇರು. ಕೆಳಗೆ ಗಜನಿ. ಘಟ್ಟದ ಮೇಲಿನ ಓದುಗರಿಗೆ ಹೇಳಬೇಕೆಂದರೆ, ಗಜನಿ ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಮಳೆಗಾಲದಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ, ಮೀನು. ಗಜನಿಯ ಜೀವ ಇರುವುದು ಒಡ್ಡಿನಲ್ಲಿ. ಒಡ್ಡು ಒಬ್ಬರ ಕೆಲಸವಲ್ಲ, ಊರೆಲ್ಲ ಬರಬೇಕು. ಬರುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸುತ್ತಲಿನ ಎಷ್ಟೋ ಗಜನಿ ಬೀಳು ಬಿದ್ದಿದೆ.

ಆ ಜಾಗವನ್ನು ರೆಸಾರ್ಟ್ ಮಾಡಲು ಬೆಂಗಳೂರಿನ ಒಂದು ಪಾರ್ಟಿ ಕೇಳಿತ್ತು. ದೀಪಾವಳಿಯೊಳಗೆ ಮಾತು ಕೊಡಿ ಅಂದಿದ್ದರು. ಜಾಗದಲ್ಲಿ ಮೂರು ಪಾಲು: ನಮ್ಮನೆಯವರದು, ಮೈದುನನದು, ಊರಲ್ಲೇ ಕೊಟ್ಟಿರುವ ನಾದಿನಿಯದು. ಮೈದುನನಿಗೆ ಮಾರುವ ಮನಸ್ಸು. ನಮ್ಮನೆಯವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಾದಿನಿ, "ನೀವಿಬ್ಬರೂ ಒಂದು ಮಾತಿಗೆ ಬನ್ನಿ, ಆಮೇಲೆ ನಾನು ಹೇಳ್ತೇನೆ" ಅಂದಿದ್ದಳು.

ಆಗ ಮೈದುನ ಫೋನಿನಲ್ಲಿ ಹೇಳಿದ: "ಅತ್ತಿಗೆ, ಅಣ್ಣನ್ನ ಕರ್ಕೊಂಡು ಕ್ರೊಯೇಷಿಯಾಕ್ಕೆ ಒಮ್ಮೆ ಹೋಗ್ಬನ್ನಿ. ಆ ದೇಶ ಕಡಲು ತೋರಿಸಿಯೇ ಉಣ್ತದೆ. ಕಣ್ಣಾರೆ ನೋಡಿ, ಆಮೇಲೆ ಮಾತಾಡೋಣ."

ಹಾಗೆ ಹೊರಟೆವು. ಸೆಪ್ಟೆಂಬರ್ ಕೊನೆ, ಕಗ್ಗದ ಕೊಯ್ಲಿಗೆ ಮುಂಚೆ. ದನ, ನಾಯಿ, ಮನೆ ಎಲ್ಲ ನಾದಿನಿಯ ಸುಪರ್ದಿಗೆ.

ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್ ಒಕ್ಕೂಟಕ್ಕೆ ಸೇರಿದೆ, ಅಂದಿನಿಂದಲೇ ಅಲ್ಲಿ ಯೂರೋ ದುಡ್ಡು. ಹಾಗಾಗಿ ಜರ್ಮನಿಗೆ ಮಾಡಿಸಿದ ವೀಸಾದಲ್ಲೇ ಅಲ್ಲಿಗೂ ಹೋಗಬಹುದು. ಮ್ಯೂನಿಕ್‌ನಿಂದ ಸ್ಪ್ಲಿಟ್ ಎಂಬ ಊರಿಗೆ ವಿಮಾನ. ಅಲ್ಲಿ ಮೂರು ದಿನ ನೆಲದ ಮೇಲೆ, ಆಮೇಲೆ ಆರು ದಿನ ಸಣ್ಣ ಹಡಗಿನಲ್ಲಿ, ಕೊನೆಗೆ ಡುಬ್ರೊವ್ನಿಕ್‌ನಲ್ಲಿ ಮೂರು ದಿನ. ಈ ದಂಡೆಗೆ ಡಾಲ್ಮೇಷಿಯಾ ಎಂದು ಹೆಸರು. ಆ ದೇಶಕ್ಕೆ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ, ಜನ ವಾಸವಿರುವುದು ಐವತ್ತರ ಆಸುಪಾಸು ದ್ವೀಪಗಳಲ್ಲಿ ಮಾತ್ರ. ಇಡೀ ದೇಶದ ಜನಸಂಖ್ಯೆ 40 ಲಕ್ಷ ಮುಟ್ಟುವುದಿಲ್ಲ. ವರ್ಷಕ್ಕೆ ಬರುವ ಪ್ರವಾಸಿಗರು ಸುಮಾರು 2 ಕೋಟಿ.

ಸ್ಪ್ಲಿಟ್ ಊರಿನ ನಡುಭಾಗವೇ ಒಂದು ಹಳೆಯ ಅರಮನೆ. ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ 305ರಲ್ಲಿ ತಾನಾಗಿ ಸಿಂಹಾಸನ ಬಿಟ್ಟು, ಹುಟ್ಟಿದ ಸೀಮೆಗೆ ವಾಪಸ್ ಬಂದು ಉಳಿದದ್ದು ಇಲ್ಲಿ. ಮತ್ತೆ ಅಧಿಕಾರ ವಹಿಸಿಕೊಳ್ಳಿ ಎಂದು ಕರೆಯಲು ಬಂದವರಿಗೆ, ತಾನು ಬೆಳೆದ ತರಕಾರಿ ನೋಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ ಎಂಬರ್ಥದಲ್ಲಿ ಉತ್ತರ ಕೊಟ್ಟನಂತೆ. ಎಲೆಕೋಸು ಬೆಳೆದ ಚಕ್ರವರ್ತಿ ಎಂದೇ ಗೈಡುಗಳು ಅವನ ಕಥೆ ಹೇಳುತ್ತಾರೆ. ನಮ್ಮನೆಯವರಿಗೆ ಅರಮನೆಗಿಂತ ಆ ಎಲೆಕೋಸು ಹಿಡಿಸಿತು.

ಏಳನೇ ಶತಮಾನದಲ್ಲಿ ಪಕ್ಕದ ಸಲೋನಾ ಪಟ್ಟಣ ಹಾಳಾದಾಗ ಅಲ್ಲಿನ ಜನ ಈ ಅರಮನೆಯೊಳಗೆ ಬಂದು ಬಿಡಾರ ಹೂಡಿದರು. ಅಂದಿನಿಂದ ಇಂದಿನವರೆಗೂ ಒಳಗೆ ಸಂಸಾರಗಳಿವೆ. ಚಕ್ರವರ್ತಿಯ ಗೋಡೆಗೆ ಕಿಟಕಿ ಕೊರೆದು, ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾರೆ. ಆದರೆ ಸಂಜೆ ತಲೆ ಎತ್ತಿ ನೋಡಿದರೆ ಹೆಚ್ಚಿನ ಬಾಗಿಲುಗಳ ಪಕ್ಕ ‘ಅಪಾರ್ಟ್‌ಮನ್’ ಎಂದು ನೀಲಿ ಬೋರ್ಡು. ಬಾಡಿಗೆಗೆ ಕೋಣೆ ಇದೆ ಎಂದರ್ಥ. "ಇವರೆಲ್ಲ ಮನೆ ಬಿಟ್ಟು ಎಲ್ಲಿ ಮಲಗ್ತಾರೋ?" ಅಂದರು ಇವರು. ಆ ಪ್ರಶ್ನೆ ಪ್ರವಾಸದುದ್ದಕ್ಕೂ ನಮ್ಮ ಜೊತೆಗೇ ಬಂತು.

ನಾಲ್ಕನೇ ದಿನ ಹಡಗು ಹತ್ತಿದೆವು. ಹಡಗು ಅಂದರೆ ಟೀವಿಯಲ್ಲಿ ತೋರಿಸುವ ಏಳೆಂಟು ಮಹಡಿಯದಲ್ಲ. ಮೂವತ್ತು ಚಿಲ್ಲರೆ ಪ್ರಯಾಣಿಕರು, ಐದಾರು ಜನ ಕೆಲಸದವರು. ನಮ್ಮ ಕೋಣೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಮಂಚದ ಮೇಲೆ ಕೂರಬೇಕು. ಹಡಗಿನ ಮಾಲೀಕನೇ ಕ್ಯಾಪ್ಟನ್, ಮಗ ಹಗ್ಗ ಎಳೆಯುವವನು, ಸೊಸೆ ಊಟ ಬಡಿಸುವವಳು. ಅಜ್ಜನ ಕಾಲದಲ್ಲಿ ಮನೆಯ ದೋಣಿ ದ್ರಾಕ್ಷಾರಸದ ಪೀಪಾಯಿ, ಮರಳು ಸಾಗಿಸುತ್ತಿತ್ತಂತೆ. ಆ ಸರಕು ಲಾರಿಗೆ ಹೋಯಿತು. ಆಮೇಲೆ ದೋಣಿಗಳಿಗೆ ಮಂಚ ಹಾಕಿ ಜನರನ್ನು ಸಾಗಿಸತೊಡಗಿದರು.

ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಹಡಗಿನಲ್ಲಿ. ರಾತ್ರಿ ಯಾವುದಾದರೂ ದ್ವೀಪದ ಬಂದರಿನಲ್ಲಿ ನಿಲ್ಲಿಸುತ್ತಾರೆ, ಊಟಕ್ಕೆ ಊರೊಳಗೆ ಹೋಗಬೇಕು. ಜಾಗ ಸಾಲದ ಬಂದರಿನಲ್ಲಿ ಹಡಗಿಗೆ ಹಡಗು ಕಟ್ಟಿ ನಿಲ್ಲಿಸುವುದರಿಂದ ಬೇರೆಯವರ ಹಡಗಿನ ಅಂಗಳ ದಾಟಿಯೇ ದಡ ಸೇರಬೇಕು. ಮೊದಲ ದಿನ ನನಗೆ ಸಂಕೋಚ, ಮೂರನೇ ದಿನ ಪಕ್ಕದ ಹಡಗಿನ ಅಡುಗೆಯವನಿಗೆ ಕೈ ಬೀಸುತ್ತ ದಾಟಿದೆ.

ಮಧ್ಯಾಹ್ನ ಯಾವುದಾದರೂ ಕೊಲ್ಲಿಯಲ್ಲಿ ಲಂಗರು ಹಾಕಿ ಈಜಲು ಬಿಡುತ್ತಾರೆ. ಹೊಳೆಯಲ್ಲಿ ಈಜಿ ಬೆಳೆದ ನಮ್ಮನೆಯವರು ಕಟ್ಟೆಯಿಂದ ಧುಮುಕಿದಾಗ ಮೇಲಿದ್ದವರು ಚಪ್ಪಾಳೆ ಹೊಡೆದರು. ನಾನು ಚೂಡಿದಾರದಲ್ಲೇ ಏಣಿ ಹಿಡಿದು ಇಳಿದೆ. ಮೂರಾಳು ಆಳದ ಕಲ್ಲು ಬರಿಗಣ್ಣಿಗೆ ಕಾಣುವಷ್ಟು ತಿಳಿ ನೀರು.

ಇಷ್ಟು ತಿಳಿ ಯಾಕೆ ಎಂದು ಕ್ಯಾಪ್ಟನ್‌ನ ಮಗನನ್ನು ಕೇಳಿದೆ. ದಂಡೆಯುದ್ದಕ್ಕೂ ಸುಣ್ಣಕಲ್ಲಿನ ಬೆಟ್ಟ. ಮಳೆನೀರು ಕಲ್ಲಿನ ಬಿರುಕಿನೊಳಗೆ ಇಳಿದುಹೋಗುತ್ತದೆ, ಮಣ್ಣು ಹೊತ್ತು ತರುವ ಹೊಳೆಗಳು ಕಡಿಮೆ. ಮಣ್ಣು ಬಾರದ ಕಡಲಿನಲ್ಲಿ ಮೀನಿನ ಆಹಾರವೂ ಕಡಿಮೆ. ನಮ್ಮ ಅಘನಾಶಿನಿ ಕದಡಿ ಕೆಂಪಾಗಿ ಬರುತ್ತದೆ, ಅದರ ಕೆಸರಿನಲ್ಲೇ ನಮ್ಮ ಬಳಚು, ಸಿಗಡಿ, ಕಗ್ಗ ಎಲ್ಲ ಇರುವುದು. ಅವರಿಗೆ ಸಿಕ್ಕಿದ್ದು ಫೋಟೋಗೆ ಚೆಂದದ ನೀರು, ನಮಗೆ ಸಿಕ್ಕಿದ್ದು ಊಟ ಕೊಡುವ ನೀರು. ರೆಸಾರ್ಟಿನ ಪಾರ್ಟಿಯವರು ತೋರಿಸಿದ ಚಿತ್ರದಲ್ಲಿ ನಮ್ಮ ಹಿನ್ನೀರು ನೀಲಿಯಾಗಿತ್ತು ಎಂಬುದು ಆಗ ನೆನಪಾಯಿತು.

ಬ್ರಾಚ್ ಎಂಬ ದ್ವೀಪ ಬಿಳಿಕಲ್ಲಿಗೆ ಹೆಸರುವಾಸಿ. ಸ್ಪ್ಲಿಟ್ ಅರಮನೆಗೆ ಕಲ್ಲು ಹೋದದ್ದು ಅಲ್ಲಿಂದ. ಪುಚಿಶ್ಚಾ ಎಂಬ ಹಳ್ಳಿಯಲ್ಲಿ ಇಂದಿಗೂ ಕಲ್ಲು ಕೆತ್ತುವುದನ್ನು ಕಲಿಸುವ ಶಾಲೆ ಇದೆ. ದ್ವೀಪದ ಗುಡ್ಡಗಳ ಮೇಲೆಲ್ಲ ಕಲ್ಲಿನ ರಾಶಿ, ಕಲ್ಲಿನ ಗೋಡೆ. ಹೊಲ ಮಾಡಬೇಕೆಂದರೆ ಮೊದಲು ಕಲ್ಲು ಹೆಕ್ಕಬೇಕು, ಹೆಕ್ಕಿದ ಕಲ್ಲನ್ನು ಎಲ್ಲಾದರೂ ಇಡಬೇಕು, ಅದೇ ಗೋಡೆಯಾಯಿತು. ಗಾರೆ ಇಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು ಅಷ್ಟೇ. ಈ ಕೆಲಸದ ಜಾಣ್ಮೆಯನ್ನು ಯುನೆಸ್ಕೊ 2018ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು, ಕ್ರೊಯೇಷಿಯಾ ಸೇರಿ ಎಂಟು ದೇಶಗಳ ಹೆಸರಿನಲ್ಲಿ.

ನಾನು ಅತಿ ಹೆಚ್ಚು ಹೊತ್ತು ನಿಂತು ನೋಡಿದ್ದು ಹ್ವಾರ್ ದ್ವೀಪದ ಸ್ಟಾರಿ ಗ್ರಾಡ್ ಬಯಲು. ಬಂದರಿನಿಂದ ಸ್ವಲ್ಪ ದೂರದ ನಡಿಗೆ. ಕ್ರಿ.ಪೂ. 384ರಲ್ಲಿ ಗ್ರೀಸ್ ದೇಶದ ಪಾರೋಸ್ ದ್ವೀಪದಿಂದ ಬಂದವರು ಇಲ್ಲಿ ಊರು ಕಟ್ಟಿ, ಬಯಲನ್ನು ಅಳತೆ ಮಾಡಿ ಹಂಚಿಕೊಂಡರು. ಒಂದೊಂದು ಪಟ್ಟಿ ಹೆಚ್ಚುಕಡಿಮೆ 180 ಮೀಟರ್ ಅಗಲ, 900 ಮೀಟರ್ ಉದ್ದ. ನಮ್ಮ ಲೆಕ್ಕದಲ್ಲಿ 40 ಎಕರೆ. ಆ ಗಡಿಗಳು ಇವತ್ತಿಗೂ ಕಲ್ಲಿನ ಗೋಡೆಯಾಗಿ ನಿಂತಿವೆ. 2,400 ವರ್ಷದಿಂದ ಅದೇ ಪಟ್ಟಿಯೊಳಗೆ ದ್ರಾಕ್ಷಿ, ಆಲಿವ್. 2008ರಲ್ಲಿ ಇದು ವಿಶ್ವ ಪರಂಪರೆಯ ತಾಣವಾಯಿತು. ಕೋಟೆಯಲ್ಲ, ಗುಡಿಯಲ್ಲ, ಬರೀ ಹೊಲ.

"ಸರ್ವೆ ಮಾಡಿದವನು ಗಟ್ಟಿಗ" ಅಂದರು ನಮ್ಮನೆಯವರು.

ನಮ್ಮ ಜೊತೆ ಹಡಗಿನಲ್ಲಿ ನ್ಯೂಜಿಲೆಂಡಿನ ಇಬ್ಬರು ವೃದ್ಧ ದಂಪತಿ ಇದ್ದರು. ಗಂಡನ ಅಜ್ಜ ಈ ದ್ವೀಪದವರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಟಲಿಯ ಅಗ್ಗದ ದ್ರಾಕ್ಷಾರಸಕ್ಕೆ ಬಾಗಿಲು ತೆರೆದುಕೊಂಡು ಇಲ್ಲಿನ ಬೆಲೆ ಬಿತ್ತು. ಅದರ ಬೆನ್ನಿಗೇ ಬಳ್ಳಿಯ ಬೇರು ತಿನ್ನುವ ಫಿಲೋಕ್ಸೆರಾ ಎಂಬ ಹೇನು ಬಂದು ತೋಟಗಳು ಒಣಗಿದವು. ಜನ ಚಿಲಿ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಂದು ಹಡಗು ಹತ್ತಿದರು. ನ್ಯೂಜಿಲೆಂಡಿಗೆ ಹೋದವರು ಕೌರಿ ಎಂಬ ಮರದ ಗೋಂದನ್ನು ಜೌಗು ನೆಲದಿಂದ ಅಗೆದು ಮಾರಿ ಬದುಕಿದರು, ಆಮೇಲೆ ಅಲ್ಲಿ ದ್ರಾಕ್ಷಿ ತೋಟ ಹಾಕಿದರು.

ಆ ಹಿರಿಯರ ಕೈಯಲ್ಲಿ ಅಜ್ಜನ ಹೊಲದ ಕಾಗದ ಇತ್ತು. ಊರಿನ ದೂರದ ಸಂಬಂಧಿಯೊಬ್ಬರು ಕರೆದುಕೊಂಡು ಹೋಗಿ ತೋರಿಸಿದರು. ನಾವೂ ಹಿಂದೆ ಹೋದೆವು. ಗೋಡೆ ಎರಡು ಕಡೆ ಜರಿದಿತ್ತು, ಒಳಗೆ ಮುಳ್ಳುಪೊದೆ, ಆಳೆತ್ತರದ ಪೈನ್ ಗಿಡ. ಪಕ್ಕದ ಹೊಲದಲ್ಲಿ ದ್ರಾಕ್ಷಿ ಕೊಯ್ಲು ನಡೆದಿತ್ತು, ಇದು ಬೀಳು. ಯಾಕೆ ಯಾರೂ ಮಾಡುವುದಿಲ್ಲ ಎಂದು ಕೇಳಿದರೆ ಸಂಬಂಧಿ ನಕ್ಕರು. ದಾಖಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರು, ಅರ್ಧ ಜನ ಸತ್ತವರು, ಉಳಿದವರು ಮೂರು ಖಂಡದಲ್ಲಿ. ಮಾರಲು ಸಹಿ ಸಿಗುವುದಿಲ್ಲ, ಮಾಡಲು ಧೈರ್ಯ ಬರುವುದಿಲ್ಲ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಜಾಗದ ಪಹಣಿಯಲ್ಲಿ ಇರುವುದು ತೀರಿಹೋದ ಮಾವನ ಹೆಸರು. ಗ್ರೀಕರ ಕಾಲದ ಗಡಿ ಉಳಿದ ಬಯಲಿನಲ್ಲಿ ನೂರು ವರ್ಷದ ಕಾಗದ ಒಂದು ಹೊಲವನ್ನು ಕಾಡು ಮಾಡಿತ್ತು. ಹಿರಿಯರು ಏನೂ ಮಾತಾಡಲಿಲ್ಲ. ಜರಿದು ಬಿದ್ದ ಒಂದು ಕಲ್ಲೆತ್ತಿ ಗೋಡೆಯ ಮೇಲಿಟ್ಟರು. ಅದು ಕೂರಲಿಲ್ಲ, ಉರುಳಿತು. ನಮ್ಮನೆಯವರು ಹೋಗಿ ಅಡಿಗೆ ಚಿಕ್ಕ ಕಲ್ಲು ಸಿಕ್ಕಿಸಿ ಕೂರಿಸಿ ಕೊಟ್ಟರು.

ಮುಂದೆ ಕೊರ್ಚುಲಾ. ಮೀನಿನ ಮುಳ್ಳಿನಂತೆ ಓಣಿಗಳನ್ನು ಜೋಡಿಸಿದ ಪುಟ್ಟ ಪಟ್ಟಣ. ಬೇಸಿಗೆಯ ಗಾಳಿ ಒಳಗೆ ಬರಬೇಕು, ಚಳಿಗಾಲದ ಬಿರುಗಾಳಿ ನೇರ ನುಗ್ಗಬಾರದು, ಅದಕ್ಕೆ ತಕ್ಕಂತೆ ಓಣಿ ತಿರುಗಿಸಿದ್ದಾರೆ. ಮಾರ್ಕೊ ಪೋಲೊ ಹುಟ್ಟಿದ್ದು ಇಲ್ಲೇ ಎಂದು ಊರವರ ವಾದ, ವೆನಿಸ್‌ನವರು ಒಪ್ಪುವುದಿಲ್ಲ. ಆಮೇಲೆ ಮ್ಲ್ಯೆಟ್, ಕಾಡು ತುಂಬಿದ ದ್ವೀಪ. 1960ರಲ್ಲೇ ಅದರ ಪಶ್ಚಿಮ ಭಾಗವನ್ನು ರಾಷ್ಟ್ರೀಯ ಉದ್ಯಾನ ಮಾಡಿದ್ದಾರೆ. ಅಲ್ಲಿ ಸುಟ್ಟ ತಾರ್ಲೆ ಮೀನು, ಜೊತೆಗೆ ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ ಬೇಯಿಸಿ ಆಲಿವ್ ಎಣ್ಣೆ ಸುರಿದ ‘ಬ್ಲಿತ್ವಾ’ ತಿಂದೆವು. ಖಾರ ಇಲ್ಲ ಎಂದು ನಮ್ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ತೆಗೆದರು. ಕ್ಯಾಪ್ಟನ್ ರುಚಿ ನೋಡಿ ಒಂದು ಲೋಟ ನೀರು ಕುಡಿದು, ಮತ್ತೆ ಕೇಳಿ ಹಾಕಿಸಿಕೊಂಡ.

ಹಡಗು ಬಿಟ್ಟದ್ದು ಡುಬ್ರೊವ್ನಿಕ್‌ನಲ್ಲಿ. 1,940 ಮೀಟರ್ ಉದ್ದದ ಕೋಟೆಗೋಡೆ ಸುತ್ತಿಕೊಂಡ ಕಲ್ಲಿನ ಪಟ್ಟಣ. 1808ರವರೆಗೂ ಇದು ತನ್ನದೇ ಆಡಳಿತದ ಪುಟ್ಟ ಗಣರಾಜ್ಯ. ಹೊರಗಿನಿಂದ ರೋಗ ಬರದಂತೆ ಬಂದವರನ್ನು ಬೇರೆ ಇರಿಸುವ ಕಾನೂನನ್ನು 1377ರಲ್ಲೇ ಮಾಡಿದ ಊರು. ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತ ಕ್ವಾರಂಟೈನ್‌ನ ಹಳೆಯ ಬೇರು ಇಲ್ಲಿದೆ. ಗೋಡೆಯ ಮೇಲೆ ನಡೆದರೆ ಕೆಳಗೆ ಹೆಂಚಿನ ಮಾಡುಗಳು. ಮಾಸಿದ ಹೆಂಚು ಹಳೆಯದು, ಕಿತ್ತಳೆ ಬಣ್ಣದ್ದು ಹೊಸದು. 1991ರ ಯುದ್ಧದಲ್ಲಿ ಶೆಲ್ ಬಿದ್ದು ಒಡೆದ ಮಾಡುಗಳಿಗೆ ಹೊಸ ಹೆಂಚು ಹೊದಿಸಿದ್ದಾರೆ. ಹೊಸದೇ ಹೆಚ್ಚು ಕಾಣುತ್ತದೆ.

ಆದರೆ ಯುದ್ಧ ಖಾಲಿ ಮಾಡದ ಮನೆಗಳನ್ನು ಪ್ರವಾಸ ಖಾಲಿ ಮಾಡಿದೆ. 1991ರ ಸುಮಾರಿಗೆ ಗೋಡೆಯೊಳಗೆ 5,000 ಜನ ಇದ್ದರು. ಈಗ 2,000ಕ್ಕೂ ಕಡಿಮೆ. ದೊಡ್ಡ ಹಡಗುಗಳು ಸಾವಿರಾರು ಜನರನ್ನು ಒಂದೇ ಬಾರಿಗೆ ಇಳಿಸುತ್ತವೆ. ಅವರು ನಾಲ್ಕು ತಾಸು ಓಡಾಡಿ, ಊಟಕ್ಕೆ ಹಡಗಿಗೇ ವಾಪಸ್. ಇಕ್ಕಟ್ಟು ತಾಳಲಾರದೆ ನಗರದವರು 2019ರಿಂದ ಒಂದು ಹೊತ್ತಿಗೆ ಎರಡೇ ದೊಡ್ಡ ಹಡಗು ಎಂದು ಕಟ್ಟು ಮಾಡಿದರು.

ನಾವು ಉಳಿದದ್ದು ಗೋಡೆಯ ಹೊರಗೆ, ಅರವತ್ತು ದಾಟಿದ ಒಬ್ಬ ಹೆಂಗಸಿನ ಮನೆಯ ಮಹಡಿಯಲ್ಲಿ. ಫೋನಿನ ಅನುವಾದದಲ್ಲಿ ನಮ್ಮ ಮಾತುಕತೆ. ಆಕೆಯ ತಾಯಿಯ ಮನೆ ಗೋಡೆಯೊಳಗಿತ್ತು. ಒಳ್ಳೆಯ ಬೆಲೆ ಬಂತೆಂದು ಮಾರಿದರು. ಕೊಂಡವರು ಜುಲೈಯಲ್ಲಿ ಎರಡು ವಾರ ಬರುತ್ತಾರೆ, ಉಳಿದ ದಿನ ಬೇರೆಯವರಿಗೆ ಬಾಡಿಗೆ. ಚಳಿಗಾಲದಲ್ಲಿ ಆ ಓಣಿಯಲ್ಲಿ ಎರಡೇ ಕಿಟಕಿಯಲ್ಲಿ ದೀಪ. ಬೇಕರಿ ಮುಚ್ಚಿತು. ಮಾರಿದ ದುಡ್ಡು ಅಣ್ಣತಮ್ಮಂದಿರಲ್ಲಿ ಹಂಚಿ ಮುಗಿಯಿತು.

ಈ ಮನೆ ಮಾತ್ರ ಆಕೆ ಮಾರಿಲ್ಲ. ಬೇಸಿಗೆಯಲ್ಲಿ ಮೂರು ಕೋಣೆ ಬಾಡಿಗೆಗೆ, ನವೆಂಬರ್‌ನಲ್ಲಿ ಜನ ಹೋದ ಮೇಲೆ ಆಲಿವ್ ಕೊಯ್ಲು. ಹಾಗೆಂದು ಸುಖದ ಕಥೆಯೇನೂ ಅಲ್ಲ. ಒಬ್ಬನೇ ಮಗ ಐರ್ಲೆಂಡಿಗೆ ಹೋಗಿದ್ದಾನೆ. 2013ರಲ್ಲಿ ದೇಶ ಯುರೋಪ್ ಒಕ್ಕೂಟಕ್ಕೆ ಸೇರಿದ ಮೇಲೆ ಹಾಗೆ ಹೋದವರು ಬಹಳ. "ಕೋಣೆ ಗುಡಿಸಲು ಅವನು ಬರಲಾರ" ಅಂದಳು ಆಕೆ.

ಕೊನೆಯ ದಿನ ಬಸ್ಸಿನಲ್ಲಿ ಸ್ಟೋನ್ ಎಂಬ ಊರಿಗೆ ಹೋದೆವು. ಇದು ನಾನೇ ಹಟ ಹಿಡಿದು ಹೋದದ್ದು, ಅಲ್ಲಿ ಉಪ್ಪಿನ ಆಗರ ಇದೆ ಎಂದು ಓದಿದ್ದೆ. ಡುಬ್ರೊವ್ನಿಕ್ ಗಣರಾಜ್ಯಕ್ಕೆ ಉಪ್ಪೆಂದರೆ ಖಜಾನೆ. ಅದನ್ನು ಕಾಯಲು ಹದಿನಾಲ್ಕನೇ ಶತಮಾನದಲ್ಲಿ ಗುಡ್ಡದ ಮೇಲೆ ಕೋಟೆಗೋಡೆ ಕಟ್ಟಿಸಲು ತೊಡಗಿದರು. ಈಗಲೂ ಐದೂವರೆ ಕಿಲೋಮೀಟರ್ ಉಳಿದಿದೆ. ಕೆಳಗೆ ಕಟ್ಟೆ ಹಾಕಿದ ಮಡಿಗಳು. ಕಡಲ ನೀರನ್ನು ಒಂದು ಮಡಿಯಿಂದ ಇನ್ನೊಂದಕ್ಕೆ ಬಿಡುತ್ತ ಬಿಸಿಲಿಗೆ ಗಟ್ಟಿ ಮಾಡುವುದು, ಕೊನೆಯ ಮಡಿಯಲ್ಲಿ ಹರಳು ಕಟ್ಟಿದ್ದನ್ನು ಎಳೆದು ರಾಶಿ ಹಾಕುವುದು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ನಡೆಯುವುದೂ ಇದೇ ಕೆಲಸ. ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ, ಅವರಲ್ಲಿ ಬೇಸಿಗೆಯಲ್ಲಿ, ಅಷ್ಟೇ ವ್ಯತ್ಯಾಸ.

ಅಲ್ಲಿ ಈಗ ಉಪ್ಪು ಎಳೆಯಲು ಆಳು ಸಾಲದು. ಬೇಸಿಗೆಯಲ್ಲಿ ಬೇರೆ ಕಡೆಯಿಂದ ಯುವಕರು ಸ್ವಯಂಸೇವಕರಾಗಿ ಬಂದು ಎಳೆದುಕೊಡುತ್ತಾರೆ. ಅಂಗಡಿಯಲ್ಲಿ ಪುಟ್ಟ ಬಟ್ಟೆಯ ಚೀಲದಲ್ಲಿ ಆ ಉಪ್ಪು ಮಾರುತ್ತಾರೆ. ಒಂದು ಚೀಲದ ಬೆಲೆ ನೋಡಿ ನಮ್ಮನೆಯವರು ಸಾಣಿಕಟ್ಟಾದ ಮೂಟೆಯ ಲೆಕ್ಕ ಹಾಕಿದರು. ಪಕ್ಕದ ಮಾಲಿ ಸ್ಟೋನ್‌ನ ಕೊಲ್ಲಿಯಲ್ಲಿ ಹಗ್ಗಕ್ಕೆ ಕಟ್ಟಿ ಸಿಂಪಿ ಬೆಳೆಯುತ್ತಾರೆ. ಗೋಡೆ ನೋಡಲು ಬಂದವರು ಸಿಂಪಿ ತಿನ್ನುತ್ತಾರೆ, ಉಪ್ಪು ಕೊಳ್ಳುತ್ತಾರೆ. ಆಗರ ಉಳಿದದ್ದರಿಂದ ಪ್ರವಾಸಿಗರು ಬಂದರೋ, ಪ್ರವಾಸಿಗರು ಬಂದದ್ದರಿಂದ ಆಗರ ಉಳಿಯಿತೋ, ಬಿಡಿಸಿ ಹೇಳುವುದು ಕಷ್ಟ. ಒಂದಂತೂ ಕಂಡಿತು. ಆಗರದ ಜಾಗ ಮಾರಿ ಹೋಟೆಲು ಕಟ್ಟಿದ್ದರೆ ನಾವು ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿರಲಿಲ್ಲ.

ವಾಪಸ್ ಮ್ಯೂನಿಕ್‌ನಲ್ಲಿ ಮೈದುನನ ಅಡುಗೆಮನೆ ಮೇಜಿನ ಸುತ್ತ ಕೂತೆವು. "ಹೇಗಿತ್ತು?" ಅಂದ. ಚೆನ್ನಾಗಿತ್ತು ಅಂದೆವು, ಅದು ನಿಜವೇ. ನಮ್ಮನೆಯವರು ನಿಧಾನಕ್ಕೆ ಹೇಳಿದರು: "ಅವರು ಕೋಣೆ ಮಾರ್ತಾರೆ ಕಣೋ, ಒಂದೊಂದು ರಾತ್ರಿ ಲೆಕ್ಕದಲ್ಲಿ. ಅದು ಮರುದಿನ ಮತ್ತೆ ಅವರದೇ. ನೆಲ ಮಾರಿದವರ ಓಣಿಯಲ್ಲಿ ದೀಪ ಇಲ್ಲ."

ಮೈದುನ ಸುಮ್ಮನಾಗಲಿಲ್ಲ. "ಸರಿ ಅಣ್ಣ. ಇನ್ನೆಷ್ಟು ವರ್ಷ ನೀನು ಒಡ್ಡಿಗೆ ಮಣ್ಣು ಹೊರ್ತೀಯ? ಮಂಗಳೂರಲ್ಲಿ ನರ್ಸಿಂಗ್ ಓದೋ ನಿನ್ನ ಮಗಳು ಬಂದು ಕಗ್ಗ ನಾಟಿ ಮಾಡ್ತಾಳಾ? ಆ ಮುದುಕಿಯ ಮಗನೂ ಐರ್ಲೆಂಡಿಗೆ ಹೋದ ಅಲ್ವಾ?"

ಅದಕ್ಕೆ ನಮ್ಮಿಬ್ಬರಲ್ಲೂ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವನು ಕೇಳಿದ್ದು ನ್ಯಾಯದ ಪ್ರಶ್ನೆ. ಕೊನೆಗೆ ಮೂರು ಮಾತಿಗೆ ಒಪ್ಪಿದೆವು. ಪಾರ್ಟಿಗೆ ಈ ದೀಪಾವಳಿಗೆ ಬೇಡ ಎಂದು ಹೇಳುವುದು. ಮೇಲಿನ ಹಳೆಯ ಮನೆಯ ಎರಡು ಕೋಣೆ ಸರಿಮಾಡಿ, ಬಂದವರು ಉಳಿಯುವಂತೆ ಮಾಡಿ ಎರಡು ವರ್ಷ ನೋಡುವುದು. ಎಲ್ಲಕ್ಕಿಂತ ಮೊದಲು, ಮಾರುವುದಾಗಲಿ ಇಟ್ಟುಕೊಳ್ಳುವುದಾಗಲಿ, ಪಹಣಿಯನ್ನು ಬದುಕಿರುವ ಮೂವರ ಹೆಸರಿಗೆ ಮಾಡಿಸುವುದು.

ಊರಿಗೆ ಬಂದ ವಾರದಲ್ಲೇ ಪೌತಿ ಖಾತೆಗೆ ಅರ್ಜಿ ಕೊಟ್ಟೆವು. ಮರಣ ಪತ್ರ, ವಂಶವೃಕ್ಷ ಎಂದು ಎರಡು ಸಲ ಓಡಾಟ. ನಿಮ್ಮ ಮನೆಯ ಪಹಣಿಯಲ್ಲೂ ಅಜ್ಜನ ಹೆಸರೇ ಇದ್ದರೆ, ಅವನನ್ನು ಬಲ್ಲವರು ಊರಲ್ಲಿ ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಅಷ್ಟನ್ನಂತೂ ಹ್ವಾರ್ ದ್ವೀಪ ನೋಡಿ ಬಂದವಳಾಗಿ ಹೇಳಬಲ್ಲೆ.

ನಾದಿನಿಗೆ ಸ್ಟೋನ್‌ನ ಉಪ್ಪಿನ ಚೀಲ ಕೊಟ್ಟೆ. ಬೆರಳಿಗೆ ಹಚ್ಚಿ ನೆಕ್ಕಿ, "ನಮ್ಮ ಉಪ್ಪಿನ ಹಾಗೇ ಇದೆ" ಅಂದಳು. ಮ್ಯೂನಿಕ್‌ನಲ್ಲಿ ಆದ ಮಾತೆಲ್ಲ ಹೇಳಿದೆವು. ಅವಳು ಅರ್ಜಿಗೆ ಸಹಿ ಹಾಕಿ ಪೆನ್ನು ಅಣ್ಣನ ಕೈಗೆ ಕೊಟ್ಟು ಹೇಳಿದಳು: "ಮಾರೋದು ಯಾವಾಗ ಬೇಕಾದ್ರೂ ಆಗ್ತದೆ. ಈ ವರ್ಷ ಒಡ್ಡಿಗೆ ಯಾರ್ಯಾರು ಬರ್ತಾರೆ, ಅದನ್ನ ಮೊದಲು ಹೇಳಿ."